ನಕ್ಷೆಯಲ್ಲಿ ನಿಲ್ಲುವ ಕಾರು, ಗೇಟಿನೊಳಗೆ ಹೋಗದ ಕಾರು: ಬೆಳಗಾವಿಯಲ್ಲಿ ಆನ್‌ಲೈನ್ ಕಟ್ಟಡ ಪರವಾನಗಿ ಸೇವೆ

ಮನೆ ಕಟ್ಟಲು ಬೇಕಾದ ಪರವಾನಗಿಯ ಆನ್‌ಲೈನ್ ಸೇವೆಗೆ ಅಂಕ ಕೊಡುವುದಾದರೆ 5ಕ್ಕೆ 3. ಅರ್ಜಿ ಯಾವ ಹಂತದಲ್ಲಿದೆ ಎಂದು ಕೂತಲ್ಲೇ ಗೊತ್ತಾಗುತ್ತದೆ, ಶುಲ್ಕಕ್ಕೆ ಸಾಲು ಹಚ್ಚಬೇಕಿಲ್ಲ, ಆಕ್ಷೇಪಣೆ ಬಂದರೆ ಬರಹದಲ್ಲೇ ಬರುತ್ತದೆ. ಕಡಿತವಾದ ಎರಡು ಅಂಕ ಪಾರ್ಕಿಂಗ್ ಲೆಕ್ಕದವು. ತಂತ್ರಾಂಶ ಅಳೆಯುವುದು ನಕ್ಷೆಯ ಮೇಲೆ ಎಳೆದ ಚೌಕವನ್ನು. ಕಾರು ಆ ಚೌಕದವರೆಗೆ ಹೋಗಿ ಮುಟ್ಟುತ್ತದೋ ಇಲ್ಲವೋ ಅದಕ್ಕೆ ಸಂಬಂಧವಿಲ್ಲ.

ಮೊದಲು ಜಾಗ ಯಾರ ಹದ್ದಿನಲ್ಲಿದೆ ನೋಡಿಕೊಳ್ಳಿ. ಕ್ಯಾಂಪ್ ಭಾಗ ಕಂಟೋನ್ಮೆಂಟ್ ಬೋರ್ಡಿನದು, ಅಲ್ಲಿ 2006ರ ಕಂಟೋನ್ಮೆಂಟ್ ಕಾಯ್ದೆ ನಡೆಯುತ್ತದೆ. ಪಾಲಿಕೆಗೆ ಹಾಕಿದ ಅರ್ಜಿ ಉಪಯೋಗಕ್ಕಿಲ್ಲ. ಊರಂಚಿನ ಎಷ್ಟೋ ಪ್ಲಾಟುಗಳು ಇನ್ನೂ ಗ್ರಾಮ ಪಂಚಾಯಿತಿಯಲ್ಲಿವೆ. ‘ಎನ್.ಎ. ಆಗೇತಿ, ಮತ್ತೇನು ಬೇಕು’ ಎನ್ನುವ ಮಾತು ಬೆಳಗಾವಿಯಲ್ಲಿ ದಿನಾ ಕೇಳಿಬರುತ್ತದೆ. ಎನ್.ಎ. ಅಂದರೆ ಕೃಷಿ ಜಮೀನನ್ನು ಕೃಷಿಯೇತರ ಮಾಡಿಸುವುದು, ಭೂಕಂದಾಯ ಕಾಯ್ದೆಯ ಕಲಂ 95ರ ಕೆಲಸ, ಜಿಲ್ಲಾಧಿಕಾರಿ ಕಚೇರಿಯದು. ಲೇಔಟ್ ಮಂಜೂರಾತಿ, ಭೂ ಉಪಯೋಗದ ಬದಲಾವಣೆ ಬುಡಾದ್ದು (ಬೆಳಗಾವಿ ನಗರಾಭಿವೃದ್ಧಿ ಪ್ರಾಧಿಕಾರ). ಕಟ್ಟುವ ಪರವಾನಗಿ ಪಾಲಿಕೆಯದು. ಮೂರೂ ಬೇರೆ ಬೇರೆ ಕಾಗದ, ಒಂದಿದ್ದರೆ ಇನ್ನೊಂದು ಬಂದಂತಲ್ಲ.

ಅರ್ಜಿ ಹಾಕುವುದು ನೋಂದಾಯಿತ ಎಂಜಿನಿಯರ್ ಅಥವಾ ಆರ್ಕಿಟೆಕ್ಟ್. ಮಾಲೀಕರು ಒದಗಿಸಬೇಕಾದ್ದು ಇ-ಖಾತಾ, ಖರೀದಿ ಪತ್ರ, ಚಾಲ್ತಿ ವರ್ಷದ ತೆರಿಗೆ ರಸೀದಿ, ಋಣಭಾರ ಪತ್ರ, ಲೇಔಟ್ ನಕ್ಷೆ. ಹಳೇ ಊರಿನ ಆಸ್ತಿಯಾದರೆ ಸಿ.ಟಿ.ಎಸ್. ಉತಾರ, ಅಂದರೆ ನಗರ ಭೂಮಾಪನ ದಾಖಲೆಯ ನಕಲು. ಗಂಟು ಬೀಳುವುದು ಇಲ್ಲೇ. ಉತಾರದಲ್ಲಿ ಚದರ ಮೀಟರ್, ಹಳೇ ಖರೀದಿ ಪತ್ರದಲ್ಲಿ ಗುಂಟೆ, ಖಾತಾದಲ್ಲಿ ಅಡಿ. ಒಂದು ಗುಂಟೆಗೆ 1089 ಚದರಡಿ. 30×40 ಅಡಿ ಅಂದರೆ 9.14×12.19 ಮೀಟರ್. ಇದನ್ನು 9×12 ಎಂದು ದುಂಡಗೆ ಬರೆದಿದ್ದರೆ ಸುಮಾರು 37 ಚದರಡಿ ಕಾಣೆಯಾಗುತ್ತದೆ, ಕಡತ ವಾಪಸ್ ಬರುತ್ತದೆ. ಅರ್ಜಿಗೆ ಮೊದಲೇ ಟೇಪು ಹಿಡಿದು ಜಾಗ ಅಳೆಯಿರಿ. ಕಾಗದಕ್ಕೂ ನೆಲಕ್ಕೂ ತಾಳೆ ಬೀಳದಿದ್ದರೆ ಮೊದಲು ಕಾಗದ ತಿದ್ದಿಸಿ.

ನಕ್ಷೆ ತಿರಸ್ಕಾರಕ್ಕೆ ಬಹುಪಾಲು ಕಾರಣಗಳು ಸಣ್ಣವು: ನಿವೇಶನದ ಗಡಿರೇಖೆ ಪೂರ್ತಿ ಮುಚ್ಚಿರುವುದಿಲ್ಲ, ಪಾರ್ಕಿಂಗ್ ಕಂಪ್ಯೂಟರ್ ನಕ್ಷೆಯ ತಪ್ಪು ಪದರದಲ್ಲಿ (ಲೇಯರ್) ಇರುತ್ತದೆ, ರಸ್ತೆ ಅಗಲ ಸ್ಥಳದ್ದೊಂದು ನಕ್ಷೆಯದ್ದೊಂದು. ಆಕ್ಷೇಪಣೆಗಳಿಗೆ ಒಂದೊಂದಾಗಿ ಉತ್ತರಿಸದೆ ಒಟ್ಟಿಗೆ ತಿದ್ದಿ ಹಾಕುವ ಎಂಜಿನಿಯರ್ ಸಿಕ್ಕರೆ ಅರ್ಧ ಕೆಲಸ ಆದಂತೆ. ‘ಸಕಾಲ’ ಸೇವಾ ಖಾತರಿ ಕಾಯ್ದೆಯ ಅವಧಿ ಮೀರಿದರೆ ದಿನಕ್ಕೆ 20 ರೂಪಾಯಿ, ಹೆಚ್ಚೆಂದರೆ 500 ರೂಪಾಯಿ ಪರಿಹಾರವಿದೆ. ದುಡ್ಡು ದೊಡ್ಡದಲ್ಲ, ಮೇಲ್ಮನವಿ ಹಾಕಲು ಸಕಾಲದಲ್ಲಿ ಅರ್ಜಿಗೆ ಸಿಗುವ ಜಿ.ಎಸ್.ಸಿ. ಸಂಖ್ಯೆ ಮಾತ್ರ ಜೋಪಾನ.

ಇನ್ನು ಪಾರ್ಕಿಂಗ್. ಒಂದು ಕಾರಿಗೆ 2.5×5.5 ಮೀಟರ್, ಅಂದರೆ ಹೆಚ್ಚುಕಡಿಮೆ 8 ಅಡಿ 2 ಇಂಚು ಅಗಲ, 18 ಅಡಿ ಉದ್ದ. ಇದು ಗೋಡೆ, ಪಿಲ್ಲರ್, ಗಿಲಾವು ಎಲ್ಲ ಕಳೆದು ಉಳಿಯಬೇಕಾದ ಜಾಗ. ಪಿಲ್ಲರ್‌ಗಳ ನಡುವೆ ಮಧ್ಯದಿಂದ ಮಧ್ಯಕ್ಕೆ 9 ಅಡಿ ಇಟ್ಟು 9 ಇಂಚಿನ ಪಿಲ್ಲರ್ ಎಬ್ಬಿಸಿದರೆ ಉಳಿಯುವುದು 8 ಅಡಿ 3 ಇಂಚು; ಗಿಲಾವು ಬಿದ್ದ ಮೇಲೆ ಲೆಕ್ಕ ಕೆಡುತ್ತದೆ. ಮಧ್ಯದಿಂದ ಮಧ್ಯಕ್ಕೆ 10 ಅಡಿ ಇಡಿ. ಇನೋವಾ ಕ್ರಿಸ್ಟಾದ ಉದ್ದ 4.735 ಮೀಟರ್, ಅಗಲ 1.83 ಮೀಟರ್, ಬಾಗಿಲು ತೆಗೆದು ಮನುಷ್ಯ ಇಳಿಯಬೇಕಲ್ಲ.

ಅದಕ್ಕಿಂತ ಮುಖ್ಯ ತಿರುವು. 20 ಅಡಿ ರಸ್ತೆ, ಎದುರು ಮನೆಯವರ ಕಾರು ಹೊರಗೆ ನಿಂತಿದೆ ಅನ್ನಿ: ಉಳಿಯುವುದು 14 ಅಡಿ. ಸ್ವಿಫ್ಟ್‌ನಂಥ ಸಣ್ಣ ಕಾರಿಗೂ ತಿರುಗಲು 4.8 ಮೀಟರ್ ತ್ರಿಜ್ಯ ಬೇಕು, ಅಂದರೆ ಸುಮಾರು 15 ಅಡಿ 9 ಇಂಚು. 8 ಅಡಿ ಗೇಟಿನಲ್ಲಿ ಮೂರು ನಾಲ್ಕು ಸಲ ಹಿಂದೆ ಮುಂದೆ ಮಾಡಿ ಬೇಸತ್ತ ಮಾಲೀಕ ವಾರದೊಳಗೆ ರಸ್ತೆಯಲ್ಲೇ ನಿಲ್ಲಿಸತೊಡಗುತ್ತಾನೆ. ಗೇಟು 12 ಅಡಿ ಇರಲಿ, ಮೆಟ್ಟಿಲೂ ಸಂಪಿನ ಮುಚ್ಚಳವೂ ಆ ದಾರಿಯಲ್ಲಿ ಬೇಡ. ಪಾಯ ತೋಡುವ ಮುಂಚೆ ಸುಣ್ಣದ ಗೆರೆ ಹಾಕಿಸಿ, ನಿಜವಾದ ಕಾರನ್ನೇ ಒಳಗೆ ತಂದು ನೋಡಿ. ಖರ್ಚು ಒಂದು ಚೀಲ ಸುಣ್ಣ. ಅರ್ಧ ನೆಲಮಾಳಿಗೆಯ ಆಸೆ 30×40ರಲ್ಲಿ ಬಿಟ್ಟುಬಿಡಿ: 5 ಅಡಿ ಕೆಳಗಿಳಿಯಲು 1:8 ಇಳಿಜಾರು ಹಿಡಿದರೆ 40 ಅಡಿ ರ‍್ಯಾಂಪ್, ನಿವೇಶನದ ಉದ್ದವೆಲ್ಲ ಅದಕ್ಕೇ ಮುಗಿಯಿತು.

ಗೇಟಿನ ಮುಂದಿನ ರ‍್ಯಾಂಪನ್ನು ಗಟಾರದ ಮೇಲೆ ಕಾಂಕ್ರೀಟು ಸುರಿದು ರಸ್ತೆಯವರೆಗೆ ಎಳೆಯುವುದು ಇನ್ನೊಂದು ಚಾಳಿ. ಬೆಳಗಾವಿಯ ಜುಲೈ ಮಳೆಗೆ ಆ ಗಟಾರ ಕಟ್ಟಿಕೊಂಡು ನೀರು ಪಕ್ಕದವರ ಅಂಗಳಕ್ಕೆ ನುಗ್ಗುತ್ತದೆ. ಇಳಿಜಾರು ಕಾಂಪೌಂಡಿನ ಒಳಗಿರಲಿ, ಗಟಾರದ ಮೇಲೆ ಎತ್ತಿ ತೆಗೆಯಬಹುದಾದ ಕಬ್ಬಿಣದ ಜಾಳಿಗೆ ಸಾಕು.

ಟಿಳಕವಾಡಿ, ಹಿಂದವಾಡಿಯಂಥ ಕಡೆ ನಿಜವಾದ ತಕರಾರು ಶುರುವಾಗುವುದು ಮನೆ ಮುಗಿದ ಮೇಲೆ. ಕೆಳಗಿನ ಪಾರ್ಕಿಂಗ್‌ಗೆ ಶಟರ್ ಬಂದು ಕ್ಲಿನಿಕ್ಕೋ ಟ್ಯೂಷನ್ನೋ ತೆರೆಯುತ್ತದೆ. ವಸತಿ ವಲಯದಲ್ಲೂ ಕೆಲವು ಸಣ್ಣ ಉಪಯೋಗಗಳಿಗೆ ಅವಕಾಶವಿದೆ, ಆದರೆ ರಸ್ತೆ ಅಗಲ ಮತ್ತು ವಿಸ್ತೀರ್ಣದ ಮಿತಿಯೊಳಗೆ. ಪಾಲಿಕೆಗಳ ಕಾಯ್ದೆಯ ಕಲಂ 353ರ ಟ್ರೇಡ್ ಲೈಸೆನ್ಸ್ ತೋರಿಸಿದರೆ ಭೂ ಉಪಯೋಗ ಬದಲಾಯಿತು ಎಂದಲ್ಲ. ಅದು 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ ವಿಷಯ. ಮನೆ ನಕ್ಷೆಯಂತೆ ಮುಗಿದಿದೆ ಎಂದು ಕೊಡುವ ಸ್ವಾಧೀನಾನುಭವ ಪತ್ರದ (ಒ.ಸಿ.) ವೇಳೆಗಾದರೂ ಇದು ಸಿಕ್ಕಿಬೀಳಬೇಕು. 2024ರ ಡಿಸೆಂಬರ್ 17ರ ಸುಪ್ರೀಂ ಕೋರ್ಟ್ ತೀರ್ಪು ಆ ಪತ್ರವಿಲ್ಲದೆ ವಿದ್ಯುತ್, ನೀರಿನ ಸಂಪರ್ಕ ಬೇಡ ಎಂದಿತು. 1200 ಚದರಡಿಯೊಳಗಿನ ನಿವೇಶನದ ಸಣ್ಣ ಮನೆಗಳಿಗೆ ಆಮೇಲೆ ರಾಜ್ಯದಲ್ಲಿ ವಿನಾಯಿತಿ ಬಂತು, ಪಾರ್ಕಿಂಗ್‌ಗೆ ಶಟರ್ ಬರುವುದೂ ಹೆಚ್ಚಾಗಿ ಅಂಥ ಮನೆಗಳಲ್ಲೇ.

ಪಕ್ಕದ ಮನೆಯವರು ಮಾಡಬೇಕಾದ್ದು ಜಗಳವಲ್ಲ, ಕಾಗದ. ಮಾಹಿತಿ ಹಕ್ಕಿನಡಿ 10 ರೂಪಾಯಿ ಕಟ್ಟಿ ಮಂಜೂರಾದ ನಕ್ಷೆಯ ಪ್ರತಿ ಕೇಳಿ. 30 ದಿನದೊಳಗೆ ಉತ್ತರ ಬರಬೇಕು. ನಕ್ಷೆಯಲ್ಲಿ ಪಾರ್ಕಿಂಗ್ ಎಂದಿದ್ದು ಸ್ಥಳದಲ್ಲಿ ಅಂಗಡಿಯಿದ್ದರೆ ಪರವಾನಗಿ ಸಂಖ್ಯೆ, ಸಿ.ಟಿ.ಎಸ್. ನಂಬರು, ತಾರೀಖಿರುವ ಫೋಟೋ ಲಗತ್ತಿಸಿ ಆಯುಕ್ತರಿಗೆ ಅರ್ಜಿ ಕೊಡಿ. ಅಕ್ರಮ ಕಟ್ಟಡ ಕೆಲಸಕ್ಕೆ ಪಾಲಿಕೆಗಳ ಕಾಯ್ದೆಯ ಕಲಂ 321ರಡಿ ಮೊದಲು ತಾತ್ಕಾಲಿಕ ಆದೇಶ, ಆಮೇಲೆ ಕಾರಣ ಕೇಳುವ ನೋಟಿಸು, ಕೊನೆಗೆ ಕಾಯಂ ಆದೇಶ. ‘ರಸ್ತೆಯಲ್ಲಿ ಗಾಡಿ ತುಂಬಿವೆ’ ಎಂದಷ್ಟೇ ಬರೆದರೆ ಅದು ಟ್ರಾಫಿಕ್ ಪೊಲೀಸರ ಕೆಲಸವೆಂದು ಅರ್ಜಿ ಅತ್ತ ಹೋಗುತ್ತದೆ.

ಪೊಲೀಸರ ವಿಷಯಕ್ಕೆ ಬಂದರೆ, ಮನೆಯ ಗೇಟಿಗೆ ತಾವೇ ತೂಗುಹಾಕಿದ ‘ನೋ ಪಾರ್ಕಿಂಗ್’ ಫಲಕಕ್ಕೆ ಕಾನೂನಿನ ಬಲವಿಲ್ಲ, ಆ ಅಧಿಕಾರ ಮೋಟಾರು ವಾಹನ ಕಾಯ್ದೆಯ ಕಲಂ 116, 117ರಡಿ ಸರ್ಕಾರದ್ದು. ಆದರೆ ಗೇಟಿಗೆ ಅಡ್ಡ ನಿಲ್ಲಿಸುವುದು ಫಲಕವಿಲ್ಲದಿದ್ದರೂ ತಪ್ಪೇ. 10 ತಾಸಿಗಿಂತ ಹೆಚ್ಚು ವಾರಸುದಾರರಿಲ್ಲದೆ ನಿಂತ ಗಾಡಿಯನ್ನು ಕಲಂ 127ರಡಿ ಎಳೆದೊಯ್ಯಿಸಬಹುದು. 112ಕ್ಕೆ ಕರೆ ಮಾಡುವಾಗ ಗಾಡಿ ನಂಬರು, ಎಷ್ಟು ಹೊತ್ತಿನಿಂದ ನಿಂತಿದೆ, ಯಾವ ಗಲ್ಲಿಯ ಎಷ್ಟನೇ ಅಡ್ಡರಸ್ತೆ, ಇಷ್ಟನ್ನು ಒಂದೇ ಉಸಿರಿಗೆ ಹೇಳಿ.