ಅಗತ್ತಿಯಿಂದ ಪೋರ್ಟ್ ಬ್ಲೇರ್‌ಗೆ ಮೂರು ಗಂಟೆ ಹದಿನೆಂಟು ನಿಮಿಷವಂತೆ!

ಎರಡು ವಿಮಾನ ನಿಲ್ದಾಣಗಳ ಹೆಸರು ಕೊಟ್ಟರೆ ನಡುವಿನ ದೂರವನ್ನೂ ಹಾರಾಟದ ಅವಧಿಯನ್ನೂ ತಿಳಿಸುವ ಉಚಿತ ಆ್ಯಪ್ ಒಂದನ್ನು ಗೋವಾದ ವಾಸ್ಕೋದಲ್ಲಿರುವ ನಮ್ಮ ಮನೆಯಲ್ಲಿ ಎರಡು ತಿಂಗಳಿಂದ ಬಳಸುತ್ತಿದ್ದೇವೆ. ಒಂದೇ ಎಲ್‌ಟಿಸಿ (ನೌಕರರಿಗೆ ಸಿಗುವ ಪ್ರವಾಸ ರಿಯಾಯಿತಿ) ರಜೆಯಲ್ಲಿ ಲಕ್ಷದ್ವೀಪ, ಅಂಡಮಾನ್ ಎರಡನ್ನೂ ನೋಡಿ ಮುಗಿಸಬೇಕೆಂದು ಹಟ ಹಿಡಿದಿದ್ದ ಹುಬ್ಬಳ್ಳಿಯ ನಮ್ಮ ಭಾವನವರು ಲಕ್ಷದ್ವೀಪದ ಅಗತ್ತಿಯಿಂದ ಅಂಡಮಾನ್‌ನ ಪೋರ್ಟ್ ಬ್ಲೇರ್‌ಗೆ ಎಂದು ಕೇಳಿದಾಗ ಅದರಲ್ಲಿ ಬಂದ ಉತ್ತರವನ್ನು ಕ್ಯಾಲೆಂಡರ್ ಹಾಳೆಯ ಹಿಂಬದಿಗೆ ಬರೆದಿಟ್ಟುಕೊಂಡರು: 2,243 ಕಿ.ಮೀ., 3 ಗಂಟೆ 18 ನಿಮಿಷ. ಕೆಳಗೆ 'ತಿಂಡಿ ಅಗತ್ತಿ, ಊಟ ಪೋರ್ಟ್ ಬ್ಲೇರ್' ಎಂಬ ಟಿಪ್ಪಣಿ ಬೇರೆ.

ದೂರದ ವಿಷಯದಲ್ಲಿ ಆ್ಯಪ್ ನಂಬಿಕೆಗೆ ಅರ್ಹ. ಭೂಮಿಯ ತ್ರಿಜ್ಯವನ್ನು 6,371 ಕಿ.ಮೀ. ಎಂದು ಹಿಡಿದು, ಎರಡೂ ಊರುಗಳ ಅಕ್ಷಾಂಶ ರೇಖಾಂಶಗಳಿಂದ ನಾನೇ ಲೆಕ್ಕ ಮಾಡಿದಾಗಲೂ ಅದೇ ಅಂಕಿ ಬಂತು. ನಾಟಿಕಲ್ ಮೈಲಿಯಲ್ಲಿ ಅದು ಸುಮಾರು 1,211.

ತಕರಾರಿರುವುದು ಅವಧಿಯ ಬಗ್ಗೆ. ದೂರವನ್ನು ಗಂಟೆಗೆ 800 ಕಿ.ಮೀ. ವೇಗದಿಂದ ಭಾಗಿಸಿ, ಏರಲು ಇಳಿಯಲು ಅರ್ಧ ಗಂಟೆ ಸೇರಿಸಿ ಉತ್ತರ ಕೊಡುವ ಈ ಆ್ಯಪ್, ಯಾವ ವಿಮಾನ ಎಂದು ಒಮ್ಮೆಯೂ ಕೇಳುವುದಿಲ್ಲ. ಅಗತ್ತಿಯ ರನ್‌ವೇ ಇರುವುದೇ ಸುಮಾರು 1,200 ಮೀಟರ್. ಎರಡೂ ತುದಿಗೆ ಸಮುದ್ರ. ಅಲ್ಲಿಗೆ ಬರುವುದು ಎಟಿಆರ್‌ನಂಥ ಪ್ರೊಪೆಲರ್ ವಿಮಾನ, ಅದರ ವೇಗ ಗಂಟೆಗೆ 500 ಕಿ.ಮೀ. ಆಸುಪಾಸು. ತುಂಬಿದ ಎಟಿಆರ್ ಒಂದೇ ಹಾರಾಟದಲ್ಲಿ 2,243 ಕಿ.ಮೀ. ಕ್ರಮಿಸಲಾರದು, ಅಷ್ಟು ದೂರ ಹೋಗಬಲ್ಲ ಏರ್‌ಬಸ್ ಅಗತ್ತಿಯಲ್ಲಿ ಇಳಿಯಲಾರದು. ಹೀಗಾಗಿ ಆ 3 ಗಂಟೆ 18 ನಿಮಿಷದ ವಿಮಾನ ಆ್ಯಪ್‌ನಲ್ಲಿ ಮಾತ್ರ ಹಾರುತ್ತದೆ. ನಿಜವಾಗಿ ಹೊರಟವರು ಕೊಚ್ಚಿಯಂಥ ಊರಿಗೆ ಬಂದು, ಚೆನ್ನೈಯಲ್ಲೋ ಬೆಂಗಳೂರಿನಲ್ಲೋ ಮತ್ತೊಂದು ವಿಮಾನ ಹಿಡಿಯಬೇಕು. ವೇಳೆ ಹೊಂದದಿದ್ದರೆ ನಡುವೆ ಒಂದು ರಾತ್ರಿ ಕಳೆಯಬೇಕು.

ಗಡಿಯಾರದಲ್ಲಿ ವ್ಯತ್ಯಾಸವಿಲ್ಲ ಎಂದು ಆ್ಯಪ್ ಸರಿಯಾಗಿಯೇ ತೋರಿಸುತ್ತದೆ, ಆದರೆ ರೇಖಾಂಶದಲ್ಲಿ ಇಪ್ಪತ್ತು ಡಿಗ್ರಿಗೂ ಮೀರಿದ ಅಂತರವಿರುವುದರಿಂದ ಪೋರ್ಟ್ ಬ್ಲೇರ್‌ನಲ್ಲಿ ಸುಮಾರು ಒಂದು ಗಂಟೆ ಇಪ್ಪತ್ತು ನಿಮಿಷ ಮೊದಲೇ ಬೆಳಗಾಗುತ್ತದೆ. ಮಧ್ಯಾಹ್ನ ತಲುಪಿದವರು ಸಂಜೆ ಸುತ್ತಾಡೋಣ ಎಂದುಕೊಂಡರೆ, ಅಲ್ಲಿ ಕತ್ತಲೂ ಅಷ್ಟೇ ಬೇಗ ಕವಿಯುತ್ತದೆ.

ನಮ್ಮ ಗೋವಾದ ಮಟ್ಟಿಗೆ ಇನ್ನೊಂದು ತೊಡಕಿದೆ. 'ಗೋವಾ' ಎಂದು ಟೈಪ್ ಮಾಡಿದರೆ ಆ್ಯಪ್ ಹಳೆಯ ದಾಬೋಳಿ ವಿಮಾನ ನಿಲ್ದಾಣವನ್ನೇ ಹಿಡಿಯುತ್ತದೆ. 2023ರ ಜನವರಿಯಿಂದ ವಿಮಾನ ಸಂಚಾರವಿರುವ ಹೊಸ ನಿಲ್ದಾಣ ಮೋಪಾ ಬೇಕಿದ್ದರೆ ಜಿಒಎಕ್ಸ್ ಎಂಬ ಸಂಕೇತವನ್ನು ಒತ್ತಬೇಕು. ದಾಬೋಳಿ ನಮಗೆ ಮನೆಬಾಗಿಲಾದರೆ, ಮೋಪಾಕ್ಕೆ ಜುವಾರಿ, ಮಾಂಡವಿ ಎರಡೂ ನದಿಗಳನ್ನು ದಾಟಿ ಸುಮಾರು 60 ಕಿ.ಮೀ. ಹೋಗಬೇಕು. ಅಲ್ಲಿಂದ ಅಗತ್ತಿಗೆ 575 ಕಿ.ಮೀ.; ಆ್ಯಪ್ ಹೇಳುವುದು 1 ಗಂಟೆ 13 ನಿಮಿಷ, ಎಟಿಆರ್ ವೇಗ ಹಿಡಿದರೆ 1 ಗಂಟೆ 39 ನಿಮಿಷ.

ದೂರಕ್ಕೆ ಐದಕ್ಕೆ ಐದು ಅಂಕ, ಅವಧಿಗೆ ಎರಡು. ಭಾವನವರು ಈ ಸಲಕ್ಕೆ ಅಗತ್ತಿಯನ್ನಷ್ಟೇ ಉಳಿಸಿಕೊಂಡು ಲಕ್ಷದ್ವೀಪದ ಪರ್ಮಿಟ್‌ಗೆ ಅರ್ಜಿ ಹಾಕಿದ್ದಾರೆ. ಹಾಳೆಯ ಮೇಲಿನ 'ಊಟ ಪೋರ್ಟ್ ಬ್ಲೇರ್' ಎಂಬುದನ್ನು ಮಾತ್ರ ಇನ್ನೂ ಹೊಡೆದುಹಾಕಿಲ್ಲ.