ಉದ್ಯಮಬಾಗದ ಶಾಟ್ ಬ್ಲಾಸ್ಟಿಂಗ್: ಹಳೇ ವೈಡಿಎಂ-4ರ ಸಾಮಾನು ಕೊಡುವ ಮುಂಚೆ ಓದಿ

ಬೆಳಗಾವಿಯ ಉದ್ಯಮಬಾಗದಲ್ಲಿ ಫೌಂಡ್ರಿಗಳನ್ನೇ (ಎರಕದ ಕಾರ್ಖಾನೆಗಳನ್ನೇ) ನೆಚ್ಚಿಕೊಂಡ ಶಾಟ್ ಬ್ಲಾಸ್ಟಿಂಗ್ (ಸಣ್ಣ ಗುಂಡುಗಳನ್ನು ರಭಸದಿಂದ ಹೊಡೆದು ಲೋಹದ ಮೈ ಸ್ವಚ್ಛ ಮಾಡುವ) ಜಾಬ್‌ವರ್ಕ್ ಶೆಡ್‌ಗಳಿವೆ. ಪ್ರದರ್ಶನಕ್ಕೆ ನಿಲ್ಲಿಸಿದ ಮೀಟರ್ ಗೇಜ್ ಡೀಸೆಲ್ ಇಂಜಿನ್ ವೈಡಿಎಂ-4ರ ಬಿಡಿಭಾಗಗಳನ್ನು ಅಂಥದ್ದೊಂದು ಶೆಡ್ಡಿಗೆ ಕೊಟ್ಟು ಮಾಡಿಸಿದ ಕೆಲಸದ ವಿಮರ್ಶೆ ಇದು. ಬೀಡಿನ (ಎರಕದ ಕಬ್ಬಿಣದ) ಸಾಮಾನಿಗೆ ಐದಕ್ಕೆ ಐದು. ಪತ್ರಾ (ತಗಡಿನ) ಕೆಲಸಕ್ಕೆ ಎರಡು ಕೊಟ್ಟರೂ ಹೆಚ್ಚೇ.

ಮೊದಲು ಒಳ್ಳೇದು. ಆಕ್ಸಲ್ ಬಾಕ್ಸ್ ಮುಚ್ಚಳಗಳು, ಬ್ರೇಕ್ ಹ್ಯಾಂಗರ್‌ಗಳು ಬಣ್ಣ, ಜಂಗು, ಗಟ್ಟಿಯಾದ ಗ್ರೀಸು ಎಲ್ಲ ಹೋಗಿ ಒಂದೇ ಸಮನಾದ ಬೂದು ಲೋಹ ಕಾಣುವ ಹಾಗೆ ಬಂದವು. ಚೂಡಿ (ಬೋಲ್ಟು ತಿರುಗಿಸುವ ಮರೆ ಇರುವ) ತೂತುಗಳಿಗೆ ಹಳೇ ಬೋಲ್ಟು, ಮಶಿನಿಂಗ್ ಆದ ಮುಖಗಳಿಗೆ ರಬ್ಬರ್ ಹಾಳೆ, ಇದನ್ನು ಹೇಳಿಸಿಕೊಳ್ಳದೆ ಅವರೇ ಹಾಕಿದ್ದರು. ಫೌಂಡ್ರಿ ಕೈ ಅಂದರೆ ಹೀಗಿರಬೇಕು.

ಎಡವಟ್ಟಾಗಿದ್ದು ಹುಡ್ ಬಾಗಿಲುಗಳಲ್ಲಿ, ಅಂದರೆ ಇಂಜಿನ್ ಕೋಣೆಯ ಹೊರಗಿನ ತಗಡಿನ ಬಾಗಿಲುಗಳಲ್ಲಿ. ಎರಕಕ್ಕೆ ಹಾಕುವ ದಪ್ಪ ಉಕ್ಕಿನ ಗುಂಡನ್ನೇ ತೆಳು ಪತ್ರಾಕ್ಕೂ ಹೊಡೆದರು. ಗುಂಡು ಬಿದ್ದ ಮೈ ಹಿಗ್ಗುತ್ತದೆ, ಹಿಂದಿನ ಮೈ ಹಾಗೇ ಇರುತ್ತದೆ, ಬಾಗಿಲು ಹೊಟ್ಟೆ ಬಿಡುತ್ತದೆ. ಆಮೇಲೆ ಚಿಲಕ ಕೂರುವುದಿಲ್ಲ, ಸಂದಿಯಿಂದ ನುಗ್ಗಿದ ಮಳೆನೀರು ಇಂಜಿನ್ ಕೋಣೆ ಸೇರುತ್ತದೆ. ಇದಕ್ಕೆ ಅರ್ಧ ಕಾರಣ ಕಿಲೋ ಲೆಕ್ಕದ ದರ: ಹಗುರ ಬಾಗಿಲಿನಿಂದ ಅವರಿಗೆ ಹುಟ್ಟುವುದು ಕಡಿಮೆ, ಹಾಗಾಗಿ ಬೇಗ ಮುಗಿಸುತ್ತಾರೆ. ಪತ್ರಾಕ್ಕೆ ಚದರಡಿ ದರ ಮಾತಾಡಿ. ಸಣ್ಣ ಗಾರ್ನೆಟ್ (ಖನಿಜದ ಹರಳುಪುಡಿ), ಕಡಿಮೆ ಒತ್ತಡ, ಕೈ ನಾಝಲ್ ಓರೆಯಾಗಿ ಹಿಡಿದು ಹೊಡೆಯಬೇಕು ಅಂತ ಚಲನ್ ಮೇಲೆ ಬರೆಸಿ. ಆಗೋದಿಲ್ಲ ಅಂದರೆ ಪೇಂಟ್ ರಿಮೂವರ್ ಹಚ್ಚಿ ಕೆರೆಯುವುದೇ ವಾಸಿ.

ಸಿಲಿಂಡರ್ ಹೆಡ್ ಮಾತ್ರ ಯಾರು ಎಷ್ಟು ಭರವಸೆ ಕೊಟ್ಟರೂ ಕೊಡಬೇಡಿ. ವೈಡಿಎಂ-4ರಲ್ಲಿರುವುದು ಅಮೆರಿಕದ ಆಲ್ಕೋ ಕಂಪನಿಯ 251 ಮಾದರಿಯ ಆರು ಸಿಲಿಂಡರಿನ ಇಂಜಿನ್, ಬೋರ್ (ಸಿಲಿಂಡರಿನ ಒಳವ್ಯಾಸ) 228.6 ಮಿ.ಮೀ. ಹೆಡ್ಡಿನ ಒಳಗಿನ ನೀರಿನ ದಾರಿಯಲ್ಲಿ ಗುಂಡು ಸಿಕ್ಕಿಕೊಂಡರೆ ಎಷ್ಟು ಗಾಳಿ ಊದಿದರೂ ಪೂರ್ತಿ ಬರುವುದಿಲ್ಲ. ಮುಂದೆಂದಾದರೂ ಇಂಜಿನ್ ಚಾಲೂ ಮಾಡುವ ಆಸೆಯಿದ್ದರೆ ಅದು ಅಲ್ಲಿಗೇ ಮುಗೀತು.

ಬ್ಲಾಸ್ಟಿಂಗ್ ಮಾಡಿದರೆ ಇಂಜಿನ್ನಿನ ಹಳೇ ಬಣ್ಣದ ದಾಖಲೆಯೂ ಹೋಗುತ್ತದೆ. ಅದಕ್ಕೇ ಪ್ರತಿ ಭಾಗದಲ್ಲೂ ಅಂಗೈಯಗಲ ಜಾಗದಲ್ಲಿ ನೀರು ಹಾಕಿ ಎಮರಿ ಕಾಗದ ತಿಕ್ಕಿ. ಒಂದರ ಕೆಳಗೊಂದು ಪದರ ಬಳೆಯ ಹಾಗೆ ಕಾಣಿಸುತ್ತವೆ, ಫೋಟೋ ತೆಗೆದಿಟ್ಟುಕೊಳ್ಳಿ. ಒಣಗಿದ್ದನ್ನು ತಿಕ್ಕಬೇಡಿ, ಹಳೇ ಪ್ರೈಮರಿನಲ್ಲಿ (ಬಣ್ಣದ ಕೆಳಗಿನ ತಳಪದರದಲ್ಲಿ) ಸೀಸ ಇರಬಹುದು. ಇಷ್ಟೆಲ್ಲ ಜೋಪಾನ ಯಾಕೆಂದರೆ, 1961ರಿಂದ ಅಮೆರಿಕದಿಂದ ಬಂದು ಆಮೇಲೆ ವಾರಾಣಸಿಯಲ್ಲೂ ತಯಾರಾದ ಈ ಜಾತಿಯ ಇಂಜಿನ್ನುಗಳು ಗೇಜ್ ಬದಲಾದಂತೆ ಗುಜರಿ ಸೇರಿದವು, ಒಂದಷ್ಟು ಹೊರದೇಶಕ್ಕೆ ಹೋದವು. ನಮ್ಮ ಬಾಗಲಕೋಟೆ, ವಿಜಯಪುರದ ಹಳಿಯೂ ಬ್ರಾಡ್ ಗೇಜ್ ಆಗಿದೆ, ಹಳೇ ಗಾಡಿಗೆ ಓಡಲು ಜಾಗವೇ ಇಲ್ಲ. ಮ್ಯೂಸಿಯಂಗೆ ಬರುವವರು ಉಗಿಬಂಡಿಯ ಮುಂದೆ ನಿಲ್ಲುತ್ತಾರೆ, ಡೀಸೆಲ್ಲನ್ನು ಯಾರೂ ಕೇಳುವುದಿಲ್ಲ.

ಪ್ರೈಮರ್ ಹೊಡೆಯುವುದೂ ಇದೇ ಶೆಡ್ಡಿನಲ್ಲಿ. ಎರಡು ಡಬ್ಬಿಯ ಝಿಂಕ್ ಫಾಸ್ಫೇಟ್ ಎಪಾಕ್ಸಿ ಕೇಳಿ, 50ರಿಂದ 75 ಮೈಕ್ರಾನ್ ದಪ್ಪ. ಬ್ಲಾಸ್ಟಿಂಗ್ ಆದ ನಾಲ್ಕು ತಾಸಿನೊಳಗೆ ಬೀಳಲೇಬೇಕು. ಇವರು ಸಂಜೆ ಬ್ಲಾಸ್ಟ್ ಮಾಡಿ ಮರುದಿನ ಹೊಡೆದ ಎರಡು ಬ್ರ್ಯಾಕೆಟ್ಟಿನ ಅಂಚಿನಲ್ಲಿ ಕಿತ್ತಳೆ ಜಂಗು ಪ್ರೈಮರಿನ ಕೆಳಗೇ ಉಳಿಯಿತು. ಕಂಪ್ರೆಸರ್ ಗಾಳಿಯನ್ನು ಬಿಳಿ ಕಾಗದಕ್ಕೆ ಊದಿಸಿ ನೋಡಿ. ಎಣ್ಣೆ ಚುಕ್ಕೆ ಬಿದ್ದರೆ ಬಣ್ಣ ಮೀನಿನ ಕಣ್ಣಿನ ಹಾಗೆ ಒಡೆಯುತ್ತದೆ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೆಳಗಾವಿಯಲ್ಲಿ ಈ ಕೆಲಸ ಬೇಡವೇ ಬೇಡ. ತೇವಾಂಶ ಶೇ. 85 ದಾಟಿದ ದಿನ ಎಂಥ ಪ್ರೈಮರೂ ಸರಿಯಾಗಿ ಕಚ್ಚುವುದಿಲ್ಲ. ದೀಪಾವಳಿ ಕಳೆದ ಮೇಲೆ ಕೊಡಿ, ಸಾಮಾನು ತರಲು ಹೋಗುವಾಗ ಬಣ್ಣದ ದಪ್ಪ ಅಳೆಯುವ ಮೈಕ್ರಾನ್ ಗೇಜ್ ಜೇಬಿನಲ್ಲಿರಲಿ. ಅವರ ಗೇಜಿನ ಬ್ಯಾಟರಿ ಸತ್ತಿತ್ತು.