ಆನ್ ಲಾಕ್: ಮಗನ ಮನೆ ಸೇರಿದ ಹಿರಿಯರಿಗೆ ತಮ್ಮದೇ ಆದ ಹಗಲು

ಸ್ಯಾನ್ ಫ್ರಾನ್ಸಿಸ್ಕೋದ ಆನ್ ಲಾಕ್ ಸಂಸ್ಥೆಯ ಹಿರಿಯರ ಆರೈಕೆ ಸೇವೆಯನ್ನು ನಾನು ನಮ್ಮ ಪಕ್ಕದ ಮನೆಯ ಚೀನೀ ಅಜ್ಜಿಯ ಮೂಲಕ ಬಲ್ಲೆ. ಗ್ವಾಂಗ್‌ಡಾಂಗ್ ಪ್ರಾಂತ್ಯದ ತೈಶಾನ್ ಕಡೆಯವರಾದ ಅವರು ಗಂಡ ತೀರಿಕೊಂಡ ಮೇಲೆ ಮಗನ ಮನೆಗೆ ಬಂದು ನೆಲೆಸಿದವರು. ಮಗ, ಸೊಸೆ ಕೆಲಸಕ್ಕೆ ಹೊರಟರೆ ಸಂಜೆಯವರೆಗೆ ಅವರೊಬ್ಬರೇ. ಆಸ್ಪತ್ರೆಗೆ ಹೋದಾಗ ಮೂತ್ರದ ತೊಂದರೆಯಂಥ ವಿಷಯವನ್ನೂ ಶಾಲೆಗೆ ಹೋಗುವ ಮೊಮ್ಮಗನೇ ಡಾಕ್ಟರಿಗೆ ಇಂಗ್ಲಿಷಿನಲ್ಲಿ ತಿಳಿಸಬೇಕಾಗಿದ್ದರಿಂದ, ಸಂಕೋಚಪಟ್ಟು ಅಜ್ಜಿ ಅರ್ಧದಷ್ಟನ್ನು ಹೇಳದೆಯೇ ಉಳಿಸಿಕೊಳ್ಳುತ್ತಿದ್ದರು.

ಚೈನಾಟೌನ್ ಮತ್ತು ನಾರ್ತ್ ಬೀಚ್ ಭಾಗದ ಚೀನೀ, ಇಟಾಲಿಯನ್, ಫಿಲಿಪಿನೋ ವೃದ್ಧರಿಗಾಗಿ 1971ರಲ್ಲಿ ಹುಟ್ಟಿದ ಈ ಸಂಸ್ಥೆ 1973ರಲ್ಲಿ ತನ್ನ ಹಗಲು ಕೇಂದ್ರವನ್ನು ತೆರೆಯಿತು. ವೃದ್ಧರ ಶುಶ್ರೂಷಾಲಯಕ್ಕೆ ಸೇರಿಸಬೇಕಾದಷ್ಟು ಆರೈಕೆ ಬೇಕಿರುವವರಿಗೂ ಚಿಕಿತ್ಸೆ, ಊಟ, ವ್ಯಾಯಾಮ, ಒಡನಾಟವೆಲ್ಲ ಒಂದೇ ಕಡೆ ದೊರೆತು, ರಾತ್ರಿಗೆ ಅವರು ತಮ್ಮ ಮನೆಯಲ್ಲೇ ಮಲಗುವಂತಾಗಬೇಕೆಂಬುದು ಅದರ ಉದ್ದೇಶ. ಇದೇ ಮಾದರಿಯನ್ನು ಅಮೆರಿಕದ ಸರ್ಕಾರ ಪೇಸ್ ಎಂಬ ಹೆಸರಿನಲ್ಲಿ 1997ರ ಕಾಯ್ದೆಯ ಮೂಲಕ, ಹಿರಿಯರ ಸರ್ಕಾರಿ ಆರೋಗ್ಯ ವಿಮೆಯಾದ ಮೆಡಿಕೇರ್‌ನ ಕಾಯಂ ಸೇವೆಯಾಗಿಸಿತು.

ಅಜ್ಜಿ ಈ ಕೇಂದ್ರಕ್ಕೆ ಸೇರಿದ ಮೇಲೆ ನನಗೆ ಬಹಳ ಹಿಡಿಸಿದ್ದು, ಹಿರಿಯರನ್ನು ಮನೆಯಿಂದ ಕರೆದೊಯ್ದು ಮರಳಿ ಬಿಡುವ ವ್ಯಾನಿನ ವ್ಯವಸ್ಥೆ. ಪೇಸ್ ನಿಯಮದಂತೆ ವೈದ್ಯರು, ದಾದಿ, ಸಮಾಜ ಕಾರ್ಯಕರ್ತರು, ಫಿಸಿಯೋಥೆರಪಿಸ್ಟ್ ಇರುವ ತಂಡದಲ್ಲಿ ಚಾಲಕರಿಗೂ ಸ್ಥಾನವಿದೆ. ಅಜ್ಜಿ ಮೆಟ್ಟಿಲಿಳಿಯುವಾಗ ಎರಡೂ ಕೈಗಳಿಂದ ಕಂಬಿ ಹಿಡಿಯತೊಡಗಿದ್ದನ್ನು ಮೊದಲು ಗಮನಿಸಿದವರು ಚಾಲಕರೇ. ಅವರು ತಂಡಕ್ಕೆ ತಿಳಿಸಿದ ಮೇಲೆಯೇ ಮಂಡಿಯ ತಪಾಸಣೆ ನಡೆಯಿತು. ಮನೆಯವರಾದರೋ, ವಯಸ್ಸಾಯಿತಲ್ಲ ಎಂದು ಸುಮ್ಮನಿದ್ದರು. ಕೇಂದ್ರದಲ್ಲಿ ಅಜ್ಜಿ ತಮ್ಮ ಮಾತಿನಲ್ಲೇ ನೋವು ಹೇಳಿಕೊಳ್ಳಬಹುದು, ಊಟವಾದ ಮೇಲೆ ಮಾಹ್‌ಜಾಂಗ್ ಆಡಬಹುದು. ಸಂಜೆ ಊಟಕ್ಕೆ ಕೂತಾಗ ಅತ್ತೆಯವರ ಬಳಿ ಹೇಳುವುದಕ್ಕೆ ಏನಾದರೊಂದು ಸುದ್ದಿ ಇದ್ದೇ ಇರುತ್ತದೆ ಎಂದು ಅವರ ಸೊಸೆ ಸಂತೋಷದಿಂದ ಹೇಳುತ್ತಾರೆ. ಔಷಧಿಗಿಂತಲೂ ಇದು ದೊಡ್ಡ ಉಪಕಾರವೆಂದು ನಾನು ನಂಬುತ್ತೇನೆ.

ಸೇವೆ ಎಲ್ಲರಿಗೂ ಸಿಗುವಂಥದ್ದಲ್ಲ. ವಯಸ್ಸು 55 ತುಂಬಿರಬೇಕು, ಸಂಸ್ಥೆಯ ವ್ಯಾಪ್ತಿಯೊಳಗೆ ವಾಸವಿರಬೇಕು, ಶುಶ್ರೂಷಾಲಯದ ಮಟ್ಟದ ಆರೈಕೆ ಅಗತ್ಯವೆಂದು ರಾಜ್ಯ ಒಪ್ಪಬೇಕು. ಸೇರಿದ ಮೇಲೆ ತುರ್ತು ಚಿಕಿತ್ಸೆಯೊಂದನ್ನು ಬಿಟ್ಟು ಉಳಿದೆಲ್ಲಕ್ಕೂ ಅವರು ಗೊತ್ತುಮಾಡಿದ ವೈದ್ಯರ ಬಳಿಗೇ ಹೋಗಬೇಕು. ಹಳೆಯ ಡಾಕ್ಟರನ್ನು ನೆಚ್ಚಿಕೊಂಡವರಿಗೆ ಇದು ಕಷ್ಟವಾದೀತು. ಬಡವರಿಗಿರುವ ಸರ್ಕಾರಿ ನೆರವಾದ ಮೆಡಿಕೇಡ್ ಇಲ್ಲದೆ ಮೆಡಿಕೇರ್ ಮಾತ್ರ ಇರುವವರು ತಿಂಗಳ ಶುಲ್ಕ ಕಟ್ಟಬೇಕಾಗುತ್ತದೆ. ತಾವಾಗಲಿ ಸಂಗಾತಿಯಾಗಲಿ ಅಮೆರಿಕದಲ್ಲಿ ದುಡಿಯದ ಹಿರಿಯರು ಗ್ರೀನ್ ಕಾರ್ಡ್ ಪಡೆದು ಅಲ್ಲಿ ಸತತ 5 ವರ್ಷ ವಾಸಿಸದೆ ಮೆಡಿಕೇರನ್ನು ಹಣ ಕೊಟ್ಟು ಕೊಳ್ಳಲೂ ಆಗದು.

ತಂದೆತಾಯಿಯನ್ನು ಅಮೆರಿಕಕ್ಕೆ ಕಾಯಂ ಆಗಿ ಕರೆಸಿಕೊಂಡಿರುವ ಕನ್ನಡ ಕುಟುಂಬಗಳು ತಮ್ಮ ಊರಿನ ಪೇಸ್ ಕೇಂದ್ರವನ್ನು ಒಮ್ಮೆ ನೋಡಿಬರುವುದು ಒಳ್ಳೆಯದು. ಹೆಸರು ನೋಂದಾಯಿಸುವ ಮುನ್ನ, ಅಲ್ಲಿ ಅವರ ಭಾಷೆ ಬಲ್ಲವರು ಯಾರಾದರೂ ಇದ್ದಾರೆಯೇ, ಸಸ್ಯಾಹಾರದ ಊಟ ದಿನವೂ ಸಿಗುತ್ತದೆಯೇ ಎಂದು ತಪ್ಪದೆ ವಿಚಾರಿಸಿಕೊಳ್ಳಿ.